ಗಾಣಗಾಪುರ ಯಾತ್ರೆ: ಭಕ್ತರು ಬರುತ್ತಾರೆ, ಮಾಹಿತಿ ಬರುವುದಿಲ್ಲ

ಕಲಬುರಗಿ: ಪುಣೆಯ ಕುಟುಂಬವೊಂದು ಜಪಾನಿನ ದೇಗುಲನಗರಿ ಕ್ಯೋಟೊ ನೋಡಿಬರಲು ನಿರ್ಧರಿಸಿತೆನ್ನಿ. ಯಾವ ದೇವಾಲಯದ ಬಾಗಿಲು ಎಷ್ಟು ಗಂಟೆಗೆ ತೆರೆಯುತ್ತದೆ, ಪ್ರವೇಶ ಶುಲ್ಕವೆಷ್ಟು, ರೈಲು ಇಳಿದ ಮೇಲೆ ಯಾವ ಸಂಖ್ಯೆಯ ಬಸ್ ಹಿಡಿಯಬೇಕು ಎಂಬ ಪ್ರಶ್ನೆಗಳಿಗೆಲ್ಲ ಮನೆಯ ಹೊಸಿಲು ದಾಟುವ ಮುನ್ನವೇ ಉತ್ತರ ಸಿಕ್ಕಿರುತ್ತದೆ. ಅದೇ ಕುಟುಂಬ ಒಂದು ರಾತ್ರಿಯ ಪಯಣದಷ್ಟು ಸಮೀಪವಿರುವ ಅಫಜಲಪುರ ತಾಲೂಕಿನ ದೇವಲ ಗಾಣಗಾಪುರಕ್ಕೆ ಹೊರಟರೆ ಮೊದಲು ಮಾಡುವ ಕೆಲಸ, ಹಿಂದೆ ಹೋಗಿಬಂದ ನೆಂಟರನ್ನು ವಿಚಾರಿಸುವುದು. ಎರಡನೆಯ ಕೆಲಸ, ಅಲ್ಲಿನ ಪರಿಚಯದ ಅರ್ಚಕರೊಬ್ಬರ ಫೋನ್ ಸಂಖ್ಯೆ ಹುಡುಕುವುದು. ಮಿಕ್ಕದ್ದೆಲ್ಲ ದತ್ತ ಮಹಾರಾಜರ ಇಚ್ಛೆ.

ದೂರದ ಜಪಾನ್ ಎಲ್ಲಿ, ಭೀಮಾ ತೀರದ ಗಾಣಗಾಪುರ ಎಲ್ಲಿ ಎಂದು ಈ ಹೋಲಿಕೆಯನ್ನು ತಳ್ಳಿಹಾಕುವುದು ಸುಲಭ. ಆದರೆ ಶತಮಾನಗಳಿಂದ ಯಾತ್ರಿಕರನ್ನೇ ನೆಚ್ಚಿಕೊಂಡು ಬಾಳುತ್ತಿರುವ ಊರು ಯಾತ್ರಿಕನನ್ನು ಹೇಗೆ ಬರಮಾಡಿಕೊಳ್ಳಬೇಕು ಎಂಬ ಪ್ರಶ್ನೆ ಎರಡೂ ಕಡೆ ಒಂದೇ. ಕ್ಯೋಟೊ ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಜಗಳವಾಡಿದೆ, ಎಡವಿದೆ, ಕಾನೂನು ಬದಲಿಸಿದೆ. ಕಲಬುರಗಿ ಜಿಲ್ಲೆಯಲ್ಲಿ ಆ ಪ್ರಶ್ನೆಯನ್ನೇ ಯಾರೂ ಗಟ್ಟಿಯಾಗಿ ಕೇಳಿದಂತಿಲ್ಲ.

ಗಂಟೆಯ ದರ್ಶನವಲ್ಲ

ದತ್ತಾತ್ರೇಯರ ಅವತಾರವೆಂದು ಭಕ್ತರು ನಂಬುವ ಶ್ರೀ ನರಸಿಂಹ ಸರಸ್ವತಿಯವರು ವಿದರ್ಭದ ಕಾರಂಜಾದಲ್ಲಿ ಹುಟ್ಟಿ, ಔದುಂಬರ, ನರಸೋಬಾವಾಡಿಗಳಲ್ಲಿ ನೆಲೆಸಿ, ಕೊನೆಗೆ ಭೀಮಾ ಹಾಗೂ ಅಮರ್ಜಾ ನದಿಗಳು ಕೂಡುವ ಗಾಣಗಾಪುರಕ್ಕೆ ಬಂದು ದೀರ್ಘಕಾಲ ಇದ್ದವರು. ಅವರ ಕಾಲ ಹದಿನಾಲ್ಕು-ಹದಿನೈದನೆಯ ಶತಮಾನ. ಅವರ ಚರಿತ್ರೆಯನ್ನು ಹೇಳುವ ‘ಗುರುಚರಿತ್ರೆ’ ಮರಾಠಿಯಲ್ಲಿದೆ; ಹೀಗಾಗಿ ಕನ್ನಡ ನೆಲದ ಈ ಕ್ಷೇತ್ರಕ್ಕೆ ಬರುವವರಲ್ಲಿ ಮಹಾರಾಷ್ಟ್ರದವರ ಸಂಖ್ಯೆ ಬಲು ದೊಡ್ಡದು. ಸೊಲ್ಲಾಪುರ, ಅಕ್ಕಲಕೋಟೆ, ಗಾಣಗಾಪುರ, ತುಳಜಾಪುರ, ಪಂಢರಪುರ ಎಂಬುದು ಅವರ ರೂಢಿಯ ಸುತ್ತು.

ಈ ಕ್ಷೇತ್ರದ ವಿಶೇಷವೆಂದರೆ ಇಲ್ಲಿನ ಯಾತ್ರೆ ಸರದಿಯಲ್ಲಿ ನಿಂತು ಕೈಮುಗಿದು ಹೊರಬರುವಂಥದ್ದಲ್ಲ. ಸಂಪ್ರದಾಯ ಬಲ್ಲವರು ನಸುಕಿನಲ್ಲಿ ಸಂಗಮಕ್ಕೆ ಹೋಗಿ ಸ್ನಾನ ಮುಗಿಸುತ್ತಾರೆ, ಔದುಂಬರ ವೃಕ್ಷಕ್ಕೆ ಪ್ರದಕ್ಷಿಣೆ ಹಾಕುತ್ತಾರೆ, ಊರೊಳಗಿನ ಮಠಕ್ಕೆ ಬಂದು ಸಣ್ಣ ಕಿಂಡಿಯ ಮೂಲಕ ನಿರ್ಗುಣ ಪಾದುಕೆಗಳ ದರ್ಶನ ಪಡೆಯುತ್ತಾರೆ. ನಡುಹಗಲಿಗೆ ಮಧುಕರಿ. ಗುರು ಇಂದಿಗೂ ಮಧ್ಯಾಹ್ನದ ಹೊತ್ತಿಗೆ ಭಿಕ್ಷೆಗೆ ಬರುತ್ತಾರೆ ಎಂಬ ನಂಬಿಕೆಯಿಂದ ಕೋಟ್ಯಧೀಶನೂ ಜೋಳಿಗೆ ಹಿಡಿದು ಕನಿಷ್ಠ ಐದು ಮನೆ ಬೇಡುತ್ತಾನೆ. ಉಣಬಡಿಸುವವರೂ ಭಕ್ತರೇ, ಬೇಡುವವರೂ ಭಕ್ತರೇ. ಅಷ್ಟತೀರ್ಥಗಳನ್ನು ಮುಗಿಸಬೇಕೆಂದರೆ ಇನ್ನೊಂದು ದಿನ ಬೇಕು. ಗುರುವಾರ, ಹುಣ್ಣಿಮೆ, ಅಮಾವಾಸ್ಯೆಗಳಂದು ಜನಸಂದಣಿ. ಗುರುಪೂರ್ಣಿಮೆ, ಮಾರ್ಗಶಿರದ ದತ್ತ ಜಯಂತಿ, ಮಾಘದ ಗುರುಪ್ರತಿಪದೆಗಳಂದು ಕಾಲಿಡಲು ಜಾಗವಿರುವುದಿಲ್ಲ.

ಇಂಥ ಯಾತ್ರೆಯಲ್ಲಿ ಹೊತ್ತೇ ಮುಖ್ಯ. ಮಧ್ಯಾಹ್ನ ಎರಡಕ್ಕೆ ಬಂದಿಳಿದವನಿಗೆ ಮಧುಕರಿ ತಪ್ಪುತ್ತದೆ. ಸಂಜೆ ಬಂದವನಿಗೆ ಸಂಗಮದ ಹಾದಿ ಕತ್ತಲು. ಊರಿಗೂ ಸಂಗಮಕ್ಕೂ ಸುಮಾರು 3 ಕಿ.ಮೀ. ಅಂತರ, ವಯಸ್ಸಾದ ತಾಯಿಯನ್ನು ಕರೆತಂದವನು ಇದನ್ನು ಮೊದಲೇ ತಿಳಿದಿದ್ದರೆ ಒಂದು ಬಗೆ, ಬಂದ ಮೇಲೆ ತಿಳಿದರೆ ಇನ್ನೊಂದು ಬಗೆ.

ಕೊನೆಯ 20 ಕಿಲೋಮೀಟರ್

ಗಾಣಗಾಪುರಕ್ಕೆ ರೈಲು ಇದೆ ಎಂದು ಹೇಳಿದರೆ ಸುಳ್ಳಲ್ಲ, ನಿಜವೂ ಅಲ್ಲ. ಸೊಲ್ಲಾಪುರ-ವಾಡಿ ಮಾರ್ಗದಲ್ಲಿ ‘ಗಾಣಗಾಪುರ ರೋಡ್’ ಎಂಬ ನಿಲ್ದಾಣವಿದೆ. ಅಲ್ಲಿಂದ ಕ್ಷೇತ್ರ ಸುಮಾರು 20 ಕಿ.ಮೀ. ದೂರ. ಈ ಮಾರ್ಗದ ಎಲ್ಲ ವೇಗದ ರೈಲುಗಳೂ ಇಲ್ಲಿ ನಿಲ್ಲುವುದಿಲ್ಲ. 2024ರ ಮಾರ್ಚ್‌ನಲ್ಲಿ ಆರಂಭವಾದ ಬೆಂಗಳೂರು-ಕಲಬುರಗಿ ವಂದೇ ಭಾರತ್ ರೈಲು ಬಂತೆಂದು ಹಿಗ್ಗಿದವರು ಕಲಬುರಗಿಯಲ್ಲಿಳಿದು ಮತ್ತೆ ಸುಮಾರು 40 ಕಿ.ಮೀ. ರಸ್ತೆ ಸವೆಸಬೇಕು. 2019ರ ನವೆಂಬರ್ 22ರಂದು ಉದ್ಘಾಟನೆಯಾದ ಕಲಬುರಗಿ ವಿಮಾನ ನಿಲ್ದಾಣದ ಸೇವೆ ಏರಿಳಿತ ಕಾಣುತ್ತಲೇ ಬಂದಿದೆ. ಅದನ್ನು ನೆಚ್ಚಿ ಯಾತ್ರೆಯ ದಿನ ಗೊತ್ತುಮಾಡುವವರು ವಿರಳ.

ರೈಲ್ವೆ ನಿಲ್ದಾಣದಿಂದ ಮುಂದಿನ ದಾರಿ ಬಸ್ಸಿನ ಮೇಲೆ, ಇಲ್ಲವೇ ಟಂಟಂ, ಜೀಪುಗಳ ಮೇಲೆ ನಿಂತಿದೆ. ಹಗಲು ಹೊತ್ತಿನಲ್ಲಿ ಇದು ಅಂಥ ತೊಡಕಲ್ಲ. ರಾತ್ರಿ ಒಂದಕ್ಕೋ ಎರಡಕ್ಕೋ ರೈಲು ಇಳಿದ ಹೆಂಗಸರು-ಮಕ್ಕಳ ಗುಂಪು ಮಾತ್ರ ಬೆಳಗಿನವರೆಗೆ ನಿಲ್ದಾಣದಲ್ಲೇ ಕೂರಬೇಕೋ, ಕೇಳಿದಷ್ಟು ಕೊಟ್ಟು ಹೊರಡಬೇಕೋ ಎಂಬ ಇಕ್ಕಟ್ಟಿಗೆ ಸಿಲುಕುತ್ತದೆ. ರೈಲಿನ ವೇಳೆಯನ್ನು ನಿರ್ಧರಿಸುವುದು ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗ. ಬಸ್ಸಿನ ವೇಳೆಯನ್ನು ನಿರ್ಧರಿಸುವುದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ. ಒಂದು ಮತ್ತೊಂದನ್ನು ಕಾಯಬೇಕೆಂಬ ನಿಯಮ ಯಾವ ಪುಸ್ತಕದಲ್ಲೂ ಇಲ್ಲ.

2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್‌ಗಳಲ್ಲಿ ಉಚಿತ ಪ್ರಯಾಣ ದೊರೆತ ಮೇಲೆ ಕ್ಷೇತ್ರಗಳತ್ತ ಹೊರಡುವ ಹೆಣ್ಣುಮಕ್ಕಳ ಸಂಖ್ಯೆ ಏರಿತು. ಅದೇ ವರ್ಷದ ಮಾರ್ಚ್‌ನಲ್ಲಿ ಮಹಾರಾಷ್ಟ್ರವೂ ತನ್ನ ಬಸ್‌ಗಳಲ್ಲಿ ಮಹಿಳೆಯರಿಗೆ ಅರ್ಧ ದರ ಘೋಷಿಸಿತ್ತು. ಗಡಿಯ ಎರಡೂ ಬದಿಗೆ ಪ್ರಯಾಣ ಅಗ್ಗವಾಯಿತು, ಆದರೆ ಗಡಿ ದಾಟುವುದು ನಿಶ್ಚಿತವಾಗಲಿಲ್ಲ. 2025ರ ಫೆಬ್ರವರಿಯಲ್ಲಿ ಬೆಳಗಾವಿಯಲ್ಲಿ ನಡೆದ ಬಸ್ ನಿರ್ವಾಹಕನ ಮೇಲಿನ ಹಲ್ಲೆಯ ಬೆನ್ನಲ್ಲೇ ಉಭಯ ರಾಜ್ಯಗಳ ನಡುವಿನ ಬಸ್ ಸಂಚಾರ ಅಸ್ತವ್ಯಸ್ತಗೊಂಡಿತು. ಭಾಷಾ ಜಗಳದ ಗಾಳಿ ಬೆಳಗಾವಿಯಲ್ಲಿ ಎದ್ದರೂ ಅದರ ಧೂಳು ಅಕ್ಕಲಕೋಟೆಯ ಬಸ್ ನಿಲ್ದಾಣದಲ್ಲಿ ಕಾದು ನಿಂತ ಯಾತ್ರಿಕನ ಕಣ್ಣಿಗೇ ಬೀಳುತ್ತದೆ.

ಅಂಚೆ ಕಾರ್ಡಿನ ಪಾಠ

ಕ್ಯೋಟೊ 794ರಿಂದ ಸಾವಿರ ವರ್ಷಕ್ಕೂ ಮಿಗಿಲಾಗಿ ಜಪಾನಿನ ಅರಸರ ರಾಜಧಾನಿ. ಸುಮಾರು 1,600 ಬೌದ್ಧ ದೇವಾಲಯ, 400 ಶಿಂಟೊ ಮಂದಿರಗಳು ಅಲ್ಲಿವೆ ಎಂಬುದು ವಾಡಿಕೆಯ ಲೆಕ್ಕ. ಆ ನಗರ ಹಾಗೂ ನೆರೆಯ ಉಜಿ, ಒತ್ಸು ಸೇರಿ 17 ತಾಣಗಳು 1994ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಆ ಹದಿನೇಳರಲ್ಲಿ ಒಂದು, ಪಾಚಿಯ ತೋಟಕ್ಕೆ ಹೆಸರಾದ ಸೈಹೋಜಿ. ಜನ ಹೆಚ್ಚಿ ತೋಟ ಹಾಳಾಗತೊಡಗಿದಾಗ 1977ರಲ್ಲಿ ಈ ದೇವಾಲಯ ಒಂದು ನಿರ್ಧಾರ ಕೈಗೊಂಡಿತು: ಮುಂಚಿತವಾಗಿ ಅಂಚೆ ಕಾರ್ಡು ಬರೆದು, ಮರುಟಪಾಲಿನಲ್ಲಿ ಒಪ್ಪಿಗೆ ಪಡೆದವರಿಗೆ ಮಾತ್ರ ಪ್ರವೇಶ. ಬಂದವರು ಮೊದಲು ಕುಳಿತು ಸೂತ್ರವನ್ನು ಪ್ರತಿ ಮಾಡಬೇಕು, ಆಮೇಲೆ ತೋಟ. ಕಂಪ್ಯೂಟರು, ಮೊಬೈಲುಗಳಿಲ್ಲದ ಕಾಲದಲ್ಲಿ ಬರೀ ಅಂಚೆ ಕಾರ್ಡಿನಿಂದ ನಡೆದ ವ್ಯವಸ್ಥೆ ಇದು. ಭೇಟಿ ಸುಸೂತ್ರವಾಗಲು ತಂತ್ರಜ್ಞಾನ ಬೇಕೆಂಬ ವಾದವನ್ನು ಇಷ್ಟೊಂದು ಸರಳವಾಗಿ ಅಲ್ಲಗಳೆಯುವ ಉದಾಹರಣೆ ಮತ್ತೊಂದಿಲ್ಲ. ಯಾತ್ರಿಕ ಹೊರಡುವ ಮುನ್ನವೇ ದೇವಾಲಯ ಅವನೊಡನೆ ಮಾತನಾಡಿತು ಎಂಬುದಷ್ಟೇ ಮುಖ್ಯ.

ಗಾಣಗಾಪುರದಲ್ಲಿ ತಂತ್ರಜ್ಞಾನ ಬಂತು, ಮಾತು ಬರಲಿಲ್ಲ. ಆ ಖಾಲಿ ಜಾಗವನ್ನು ತುಂಬಿದ್ದು ಯಾರು ಎಂಬುದು 2022ರಲ್ಲಿ ಬಯಲಾಯಿತು. ದೇವಸ್ಥಾನದ ಹೆಸರಿನಲ್ಲಿ ಹಲವು ನಕಲಿ ಜಾಲತಾಣ ತೆರೆದು, ಪೂಜೆ-ಅಭಿಷೇಕಗಳ ನೆಪದಲ್ಲಿ ಭಕ್ತರಿಂದ ಕೋಟ್ಯಂತರ ರೂಪಾಯಿ ಸಂಗ್ರಹಿಸಲಾಗಿದೆ ಎಂಬ ದೂರು ಪೊಲೀಸ್ ಠಾಣೆ ಮೆಟ್ಟಿಲೇರಿತು. ಪ್ರಕರಣದ ಕಾನೂನು ಮುಖ ನ್ಯಾಯಾಲಯಕ್ಕೆ ಬಿಟ್ಟ ವಿಚಾರ. ಅದರ ಇನ್ನೊಂದು ಮುಖ ಮಾತ್ರ ಸ್ಪಷ್ಟ. ಭಕ್ತರು ದುಡ್ಡು ಕೊಟ್ಟದ್ದು ಮೋಸಹೋಗುವ ಚಪಲದಿಂದಲ್ಲ. ದೂರದಲ್ಲಿದ್ದುಕೊಂಡು ಭೇಟಿಯ ದಿನ, ಸೇವೆಯ ದರ, ತಂಗುವ ಕೋಣೆ ಗೊತ್ತುಮಾಡಿಕೊಳ್ಳಬೇಕೆಂಬ ನ್ಯಾಯವಾದ ಅಗತ್ಯದಿಂದ. ಅಧಿಕೃತ ಮಾತು ಗಟ್ಟಿಯಾಗಿ ಕೇಳದ ಕಡೆ ನಕಲಿ ಮಾತಿಗೆ ಗಿರಾಕಿ ಸಿಕ್ಕೇ ಸಿಗುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಕ್ಯೋಟೊ ಸ್ವರ್ಗವಲ್ಲ. ಪ್ರವಾಸಿಗರ ನೂಕುನುಗ್ಗಲಿನಿಂದ ಅಲ್ಲಿನ ನಿವಾಸಿಗಳಿಗೇ ಬಸ್ಸಿನಲ್ಲಿ ಜಾಗ ಸಿಗದಂತಾಗಿ, ನಗರಾಡಳಿತ ಬಸ್‌ಗಳ ದಿನದ ಪಾಸು ಮಾರಾಟವನ್ನೇ 2023ರಲ್ಲಿ ನಿಲ್ಲಿಸಿತು. ಗಿಯೋನ್ ಬಡಾವಣೆಯ ಖಾಸಗಿ ಓಣಿಗಳಿಗೆ ಪ್ರವಾಸಿಗರು ನುಗ್ಗದಂತೆ 2024ರಲ್ಲಿ ನಿರ್ಬಂಧ ಬಂತು. ಜನ ಬರಬೇಕು, ಆದರೆ ಊರು ಊರಾಗಿಯೇ ಉಳಿಯಬೇಕು ಎಂಬ ಹಗ್ಗಜಗ್ಗಾಟ ಅಲ್ಲಿ ಇನ್ನೂ ಮುಗಿದಿಲ್ಲ.

ನದಿಯನ್ನು ಕೇಳುವವರಾರು?

ಗಾಣಗಾಪುರದ ಭೇಟಿಗೆ ಕ್ಯೋಟೊದಲ್ಲಿಲ್ಲದ ಒಂದು ಅಪಾಯವಿದೆ. ಯಾತ್ರೆಯ ಮೊದಲ ವಿಧಿಯೇ ನದೀಸ್ನಾನ, ಮತ್ತು ಆ ನದಿಯ ಕೀಲಿಕೈ ಜಿಲ್ಲೆಯ ಕೈಯಲ್ಲಿಲ್ಲ. ಭೀಮೆಗೆ ನೀರು ಬಿಡುವುದು ಮಹಾರಾಷ್ಟ್ರದ ಉಜನಿ ಜಲಾಶಯ. ಅಮರ್ಜಾ ನದಿ ಆಳಂದ ತಾಲೂಕಿನಲ್ಲಿ ಹುಟ್ಟಿ, ಅಲ್ಲಿಯೇ ಕೊರಳ್ಳಿ ಬಳಿಯ ಅಣೆಕಟ್ಟೆಯನ್ನು ದಾಟಿ ಬರುತ್ತದೆ. 2020ರ ಅಕ್ಟೋಬರ್‌ನಲ್ಲಿ ಉಜನಿಯಿಂದ ಹರಿದ ನೀರಿಗೆ ಅಫಜಲಪುರ, ಜೇವರ್ಗಿ ತಾಲೂಕುಗಳ ತೀರದ ಹಳ್ಳಿಗಳು ಮುಳುಗಿದವು. 2025ರ ಸೆಪ್ಟೆಂಬರ್‌ನಲ್ಲಿ ಭೀಮೆ ಮತ್ತೆ ಉಕ್ಕಿದಾಗ ಕಲಬುರಗಿ-ಜೇವರ್ಗಿ ನಡುವಿನ ಕಟ್ಟಿಸಂಗಾವಿ ಸೇತುವೆಯ ಮೇಲಿನ ಸಂಚಾರವೇ ನಿಂತಿತು. ವಿಜಯಪುರದ ಕಡೆಯಿಂದ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಬರುವ ಯಾತ್ರಿಕನಿಗೆ ಕಲಬುರಗಿಯ ಬಾಗಿಲು ಈ ಸೇತುವೆ. ಅದು ಮುಚ್ಚಿದ್ದು ಜೇವರ್ಗಿಗೆ ಬಂದಮೇಲೆ ತಿಳಿದರೆ ಏನು ಪ್ರಯೋಜನ?

ಬೇಸಿಗೆಯ ಕಥೆ ಇದಕ್ಕೆ ತದ್ವಿರುದ್ಧ. ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್-ಮೇ ತಿಂಗಳಲ್ಲಿ ಭೀಮಾ ಪಾತ್ರ ಬತ್ತಿ, ಸಂಗಮದಲ್ಲಿ ಸ್ನಾನಕ್ಕೆ ಉಳಿಯುವುದು ನಿಂತ ನೀರಿನ ಗುಂಡಿಗಳು. ನದಿಯಲ್ಲಿ ನೀರಿದ್ದಾಗಲೂ ತಳ ಸಮನಾಗಿಲ್ಲ. ಭೀಮಾ ಪಾತ್ರದ ಮರಳು ಲೂಟಿ ಈ ಭಾಗದ ಹಳೆಯ ಹುಣ್ಣು. 2023ರ ಜೂನ್‌ನಲ್ಲಿ ಜೇವರ್ಗಿ ತಾಲೂಕಿನಲ್ಲಿ ಅಕ್ರಮ ಮರಳು ಸಾಗಣೆ ತಡೆಯಲು ಹೋದ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಟ್ರ್ಯಾಕ್ಟರ್ ಹರಿದು ಪ್ರಾಣ ಕಳೆದುಕೊಂಡರು. ಮರಳು ತೆಗೆದ ಕಡೆ ಆಳದ ಗುಂಡಿ ಬೀಳುತ್ತದೆ. ಮೇಲೆ ಮೊಣಕಾಲುದ್ದ ಕಾಣುವ ನೀರು ಎರಡು ಹೆಜ್ಜೆ ಮುಂದೆ ತಲೆ ಮುಳುಗಿಸುತ್ತದೆ. ಇದು ತೀರದ ಹಳ್ಳಿಯವರಿಗೆ ಗೊತ್ತು. ನಾಸಿಕದಿಂದಲೋ ಹುಬ್ಬಳ್ಳಿಯಿಂದಲೋ ಬಂದು, ಮಂತ್ರ ಹೇಳುತ್ತ ಕಣ್ಣುಮುಚ್ಚಿ ಮುಳುಗುವವನಿಗೆ ಗೊತ್ತಿಲ್ಲ. ಇಂದು ಯಾವ ಘಾಟಿನಲ್ಲಿ ಎಷ್ಟು ಆಳದವರೆಗೆ ಇಳಿಯಬಹುದು ಎಂಬ ಸಾಲನ್ನು ಕನ್ನಡದಲ್ಲೂ ಮರಾಠಿಯಲ್ಲೂ ಪ್ರತಿದಿನ ಬರೆದು ನಿಲ್ಲಿಸಲು ಕೋಟಿಗಳ ಯೋಜನೆ ಬೇಕಿಲ್ಲ, ಒಂದು ಕರಿಹಲಗೆ ಮತ್ತು ಅದಕ್ಕೆ ಹೊಣೆಗಾರನಾದ ಒಬ್ಬ ನೌಕರ ಸಾಕು.

ಮತ್ತೊಂದು ವರ್ಗದ ಯಾತ್ರಿಕರಿದ್ದಾರೆ. ಅವರ ಬಗ್ಗೆ ಪ್ರವಾಸೋದ್ಯಮದ ಭಾಷಣಗಳಲ್ಲಿ ಒಂದಕ್ಷರವೂ ಬರುವುದಿಲ್ಲ. ಗಾಳಿ ಸೋಕಿದೆ, ಮೈಮೇಲೆ ಬರುತ್ತದೆ ಎಂದು ಮನೆಮಂದಿ ಕರೆತರುವ ರೋಗಿಗಳು. ಮಹಾಮಂಗಳಾರತಿಯ ಹೊತ್ತಿಗೆ ದೇಗುಲದ ಕಂಬಗಳ ನಡುವೆ ಅವರ ಕೂಗು ಕೇಳಿದವರಿಗೆ ಅದು ಮರೆಯುವಂಥದ್ದಲ್ಲ. ಇವರ ಭೇಟಿ ಒಂದು ದಿನದ್ದಲ್ಲ, ವಾರಗಟ್ಟಲೆಯದು. ನಂಬಿಕೆಯನ್ನು ಗೇಲಿ ಮಾಡದೆಯೂ ಇಂಥ ಕುಟುಂಬಕ್ಕೆ ವೈದ್ಯರು ಎಲ್ಲಿ ಸಿಗುತ್ತಾರೆ, ಔಷಧ ಎಲ್ಲಿ ದೊರೆಯುತ್ತದೆ ಎಂದು ತಿಳಿಸಬಹುದು. ಮಾನಸಿಕ ಆರೋಗ್ಯ ಕಾಯ್ದೆ 2017ರಲ್ಲಿಯೇ ಬಂದಿದೆ. ಚಿಕಿತ್ಸೆ ಪಡೆಯುವುದು ಅದರಂತೆ ಹಕ್ಕು. ಆ ಹಕ್ಕಿನ ಸುದ್ದಿ ತಲುಪಬೇಕಾದ ಜನ ಪ್ರತಿ ಹುಣ್ಣಿಮೆಗೆ ತಾವಾಗಿಯೇ ಒಂದೆಡೆ ಸೇರುತ್ತಾರೆ. ಇಂಥ ಅವಕಾಶ ಆರೋಗ್ಯ ಇಲಾಖೆಗೆ ಬೇರೆಲ್ಲಿ ಸಿಗುತ್ತದೆ?

ಖರ್ಚು ಯಾರದು, ಕಸ ಯಾರದು

ಯಾತ್ರಿಕರಿಂದ ಬರುವ ಹಣ ಎಲ್ಲಿಗೆ ಹೋಗಬೇಕು ಎಂಬ ವಿಷಯದಲ್ಲಿ ಕ್ಯೋಟೊ ದೊಡ್ಡ ರಂಪವನ್ನೇ ಕಂಡಿದೆ. 1985ರ ಜುಲೈನಲ್ಲಿ ನಗರಾಡಳಿತ, ಪ್ರಾಚೀನ ರಾಜಧಾನಿಯ ಸಂರಕ್ಷಣೆಗೆಂದು ದೇವಾಲಯ ಪ್ರವೇಶಿಸುವ ಪ್ರತಿ ವಯಸ್ಕನ ಮೇಲೆ 50 ಯೆನ್ ತೆರಿಗೆ ಹಾಕಿತು. ದೇವಾಲಯಗಳು ತಿರುಗಿಬಿದ್ದವು. ದೇವರ ದರ್ಶನ ಭಕ್ತಿಯ ವಿಷಯ, ಅದಕ್ಕೆ ತೆರಿಗೆ ಹಾಕುವುದು ಧರ್ಮಸ್ವಾತಂತ್ರ್ಯಕ್ಕೆ ಅಡ್ಡಿ ಎಂಬುದು ಅವುಗಳ ವಾದ. ಸ್ವರ್ಣಮಂಟಪದ ಕಿಂಕಾಕುಜಿಯೂ ಸೇರಿ ಪ್ರಸಿದ್ಧ ದೇವಾಲಯಗಳು ಪ್ರವಾಸಿಗರಿಗೆ ಬಾಗಿಲು ಮುಚ್ಚಿದವು. ಅಂಗಡಿಯವರು, ಹೋಟೆಲಿನವರು ಕಂಗಾಲಾದರು. 1988ರಲ್ಲಿ ತೆರಿಗೆ ರದ್ದಾಯಿತು. ಮೂವತ್ತು ವರ್ಷ ಕಳೆದ ಮೇಲೆ, 2018ರ ಅಕ್ಟೋಬರ್‌ನಲ್ಲಿ, ನಗರ ಬೇರೆ ಹಾದಿ ಹಿಡಿಯಿತು. ದೇವರನ್ನು ಬಿಟ್ಟು ವಸತಿಯ ಮೇಲೆ ತೆರಿಗೆ ಹಾಕಿತು: ಒಂದು ರಾತ್ರಿ ತಂಗುವವನಿಗೆ 200ರಿಂದ 1,000 ಯೆನ್. ಐಷಾರಾಮಿ ಹೋಟೆಲುಗಳಿಗೆ ಇದನ್ನು 2026ರ ಮಾರ್ಚ್‌ನಿಂದ 10,000 ಯೆನ್‌ವರೆಗೆ ಏರಿಸುವ ತೀರ್ಮಾನ 2025ರಲ್ಲಿ ಆಯಿತು. ಈ ಹಣ ಹೋಗುವುದು ನಗರದ ಬೊಕ್ಕಸಕ್ಕೆ, ಅಂದರೆ ಕಸ ಗುಡಿಸುವವರ ಕೈಗೆ.

ಗಾಣಗಾಪುರದ ಲೆಕ್ಕ ಬೇರೆ. ದೇವಸ್ಥಾನ ಮುಜರಾಯಿ ಇಲಾಖೆಯದು. ಹುಂಡಿಯ ಹಣ ದೇವಸ್ಥಾನದ ಖಾತೆಗೆ ಹೋಗುತ್ತದೆ. ಹೆಚ್ಚು ಆದಾಯದ ದೇವಾಲಯಗಳು ತಮ್ಮ ನಿವ್ವಳ ಆದಾಯದ ಒಂದು ಪಾಲನ್ನು ರಾಜ್ಯದ ಸಾಮಾನ್ಯ ಸಂಗ್ರಹಣಾ ನಿಧಿಗೂ ಕೊಡಬೇಕು. ಸಂಗಮದಲ್ಲಿ ಬಿಟ್ಟುಹೋದ ಹಳೆಬಟ್ಟೆ, ಪ್ಲಾಸ್ಟಿಕ್, ಊಟದೆಲೆಗಳನ್ನು ಎತ್ತುವ ಹೊಣೆ ಮಾತ್ರ ಗ್ರಾಮ ಪಂಚಾಯಿತಿಯದು. ಹಳ್ಳಿಯೊಂದರ ಕಂದಾಯದಲ್ಲಿ ಮಹಾನಗರಗಳ ಭಕ್ತರ ಕಸ ಹೊರುವುದು ಎಂತು? ಹಣವೇ ಇಲ್ಲವೆನ್ನುವಂತೆಯೂ ಇಲ್ಲ. 371(ಜೆ) ವಿಧಿಯ ಬಲದಿಂದ ಹುಟ್ಟಿದ ಪ್ರದೇಶಾಭಿವೃದ್ಧಿ ಮಂಡಳಿಗೆ 2024-25ರ ಆಯವ್ಯಯದಲ್ಲಿ 5,000 ಕೋಟಿ ರೂ. ಘೋಷಿಸಲಾಗಿತ್ತು. ಅದರಲ್ಲಿ ಕಟ್ಟಡಕ್ಕೆ ದುಡ್ಡು ಸಿಗುತ್ತದೆ, ರಸ್ತೆಗೆ ಸಿಗುತ್ತದೆ. ಕಟ್ಟಿದ ಶೌಚಾಲಯಕ್ಕೆ ದಿನಾಲೂ ನೀರು ಹಾಕುವವನ ಪಗಾರಕ್ಕೆ ಸಿಗುವುದು ಕಷ್ಟ. ಯಾತ್ರಿ ನಿವಾಸದ ಶಿಲಾನ್ಯಾಸಕ್ಕೆ ಸಚಿವರು ಬರುತ್ತಾರೆ, ಅದರ ಕೀಲಿಕೈ ಯಾರ ಬಳಿ ಇದೆ ಎಂದು ಹೇಳಲು ಯಾರೂ ಬರುವುದಿಲ್ಲ.

ಸುತ್ತಲಿನ ಊರುಗಳು

ಗಾಣಗಾಪುರದ ಭೇಟಿ ಸರಿಹೋದರೆ ಅದರ ಲಾಭ ಒಂದೇ ಊರಿಗೆ ನಿಲ್ಲುವುದಿಲ್ಲ. ಏಕಾಂತದ ರಾಮಯ್ಯನ ಊರಾದ ಆಳಂದ, ಷಣ್ಮುಖ ಶಿವಯೋಗಿಗಳ ಜೇವರ್ಗಿ ಎರಡೂ ಒಂದೆರಡು ತಾಸಿನ ದಾರಿ. ಎರಡು ದಿನ ತಂಗಿದವನು ಮೂರನೆಯ ದಿನ ಅತ್ತ ಹೊರಡಬಹುದು. ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೆ ಎರಡೂ ಧರ್ಮದವರು ನಡೆದುಕೊಳ್ಳುತ್ತ ಬಂದವರು. ಅಲ್ಲಿನ ಆವರಣದ ರಾಘವ ಚೈತನ್ಯ ಶಿವಲಿಂಗದ ಪೂಜೆಯ ವಿಷಯದಲ್ಲಿ 2022ರ ಶಿವರಾತ್ರಿಯಂದು ಎದ್ದ ಗಲಭೆಯ ನಂತರ, ಆ ಹಬ್ಬದ ಪೂಜೆಗೆ ಹೊತ್ತು, ಜನರ ಸಂಖ್ಯೆಗಳನ್ನು ಗೊತ್ತುಪಡಿಸಲು ನ್ಯಾಯಪೀಠಗಳೇ ಮುಂದಾಗಬೇಕಾಯಿತು. ಶಿವರಾತ್ರಿಗೆ ಆಳಂದದ ಮಾರ್ಗವಾಗಿ ಗಾಣಗಾಪುರಕ್ಕೆ ಹೊರಟವನು ನಿಷೇಧಾಜ್ಞೆಯ ಸುದ್ದಿಯನ್ನು ಮೊದಲೇ ಅರಿತಿರುವುದು ಒಳ್ಳೆಯದು.

ಜಪಾನಿನ ಬೌದ್ಧ ಯಾತ್ರಿಕನನ್ನೇ ಈ ಜಿಲ್ಲೆಗೆ ಕರೆತರಬಲ್ಲ ಸ್ಥಳವೂ ದೂರವಿಲ್ಲ. ಇದೇ ಭೀಮೆಯ ದಡದಲ್ಲಿ, ಚಿತ್ತಾಪುರ ತಾಲೂಕಿನ ಸನ್ನತಿ. 1986ರಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿಗುಡಿಯ ಛಾವಣಿ ಕುಸಿದಾಗ ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಕಂಡಿತು. ಪಕ್ಕದ ಕನಗನಹಳ್ಳಿಯಲ್ಲಿ 1994ರಿಂದ ನಡೆದ ಉತ್ಖನನ ಬೃಹತ್ ಸ್ತೂಪವನ್ನೂ, ‘ರಾಯೋ ಅಸೋಕೋ’ ಎಂಬ ಬರಹವಿರುವ ಅಶೋಕನ ಶಿಲ್ಪವನ್ನೂ ಬೆಳಕಿಗೆ ತಂದಿತು. ಅಲ್ಲಿ ಬಿಡಿಬಿಡಿಯಾಗಿ ಬಿದ್ದಿದ್ದ ಶಿಲೆಗಳ ಸಂರಕ್ಷಣಾ ಕೆಲಸವನ್ನು ಪುರಾತತ್ವ ಇಲಾಖೆ ಕೈಗೆತ್ತಿಕೊಂಡದ್ದು 2022ರಲ್ಲಿ. ಬೋಧಗಯಾ, ಸಾರನಾಥಗಳಿಗೆ ಬರುವವನು ಸನ್ನತಿಗೂ ಬರಬೇಕಾದರೆ ಅವನು ಮೊದಲು ಕೇಳುವುದು ಸ್ತೂಪದ ಕಾಲಮಾನವನ್ನಲ್ಲ. ಯಾವ ನಿಲ್ದಾಣದಲ್ಲಿ ಇಳಿಯಬೇಕು, ರಾತ್ರಿ ಎಲ್ಲಿ ಮಲಗಬೇಕು, ಊಟ ಎಲ್ಲಿ ಎಂದು.

ಇವೆಲ್ಲಕ್ಕೂ ಉತ್ತರ ಸರ್ಕಾರದಲ್ಲಿ ಇಲ್ಲದಿಲ್ಲ, ಹಂಚಿಹೋಗಿದೆ. ದರ್ಶನದ ಹೊತ್ತು ಮುಜರಾಯಿಯಲ್ಲಿ, ಬಸ್ಸಿನ ವೇಳೆ ಸಾರಿಗೆ ನಿಗಮದಲ್ಲಿ, ನದಿಯ ಮಟ್ಟ ನೀರಾವರಿ ನಿಗಮದಲ್ಲಿ, ಸ್ಮಾರಕ ಪುರಾತತ್ವ ಇಲಾಖೆಯಲ್ಲಿ, ಗಲಭೆಯ ಸುದ್ದಿ ಪೊಲೀಸರಲ್ಲಿ. ಪ್ರವಾಹ ಬಂದಾಗ ಜಿಲ್ಲಾಧಿಕಾರಿ ಕಚೇರಿಯ ನಿಯಂತ್ರಣ ಕೊಠಡಿ ಈ ಎಲ್ಲರನ್ನೂ ಒಂದೇ ಮೇಜಿನ ಮುಂದೆ ಕೂರಿಸುತ್ತದೆ. ದತ್ತ ಜಯಂತಿಗೆ ಮುನ್ನ ಆ ಮೇಜನ್ನು ಒಂದು ವಾರ ಯಾತ್ರಿಕರಿಗೆ ಬಿಟ್ಟುಕೊಟ್ಟು, ಅದರ ಫೋನ್ ಸಂಖ್ಯೆಯನ್ನು ಗಾಣಗಾಪುರ ರೋಡ್ ನಿಲ್ದಾಣದಲ್ಲೂ ಅಕ್ಕಲಕೋಟೆಯ ಬಸ್ ನಿಲ್ದಾಣದಲ್ಲೂ ಜೇವರ್ಗಿಯ ಕ್ರಾಸಿನಲ್ಲೂ ದೊಡ್ಡಕ್ಷರದಲ್ಲಿ ಬರೆಸಲು ಹೊಸ ಯೋಜನೆಯಾಗಲಿ ಸಚಿವ ಸಂಪುಟದ ಒಪ್ಪಿಗೆಯಾಗಲಿ ಬೇಕಾಗಿಲ್ಲ.